ಉಡಿಗೆ ತೊಡಿಗೆಗಳಿಂದ ಆರೋಗ್ಯಜ್ಞಾನ

(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಶರೀರದ ಮೇಲೆ ಧರಿಸಿದ ಒಂದು ಚಿಹ್ನೆಯು ಧರಿಸಿದವರನ್ನು ಹಗಲಿರುಳೂ ಎಚ್ಚರಿಸುತ್ತಿರುವುದೆಂಬ ಮಾತನ್ನು ಈ ಸಭೆಗೆ ನಾನು ವಿವರಿಸಿ ಹೇಳಬೇಕಾದುದಿಲ್ಲ. ಇಂದು ನಾನು ಅರಿಕೆ ಮಾಡತಕ್ಕ ವಿಷಯವು ಅದಕ್ಕಿಂತ ಲೌಕಿಕವಾದುದು. ರೋಗಗಳನ್ನು ಕುರಿತು ವಿಜ್ಞಾನವು ಕಂಡುಹಿಡಿದ ತಿಳಿವಳಿಕೆಯನ್ನು ಬಟ್ಟೆಯ ಮೇಲೆ, ಬಳೆ ಮಣಿ ದಾರಗಳಲ್ಲಿ, ಹಣೆಯ ಬೊಟ್ಟಿನಲ್ಲಿಯೂ ಸಹ ಇರಿಸಿ ಜನರಿಗೆ ಮುಟ್ಟಿಸುವ ಪ್ರಯತ್ನಗಳು ಲೋಕದಲ್ಲಿ ಹಲವು ನಡೆದಿವೆ. ಅವುಗಳಲ್ಲಿ ಯಾವುವು ಕೆಲಸಕ್ಕೆ ಬಂದವು, ಯಾವುವು ಬರಿಯ ಅಲಂಕಾರವಾಗಿ ಉಳಿದವು ಎಂಬುದೇ ನನ್ನ ವಿಚಾರವು.

ಜರ್ಮನಿಯ ಕೀಲ್ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರೀಡ್ರಿಶ್ ಎಸ್ಮಾರ್ಕ್ ಎಂಬವರು 1869ರ ಸುಮಾರಿನಲ್ಲಿ ಮೂರು ಮೂಲೆಯ ಒಂದು ಕಟ್ಟುಬಟ್ಟೆಯನ್ನು ಬಳಕೆಗೆ ತಂದರು. ಅದರ ಮೇಲೆ ಗಾಯಾಳುಗಳ ಚಿತ್ರಗಳನ್ನು ಅಚ್ಚೊತ್ತಿಸಿ, ತಲೆಗೆ ಪೆಟ್ಟಾದರೆ ಹೀಗೆ, ತೋಳು ಮುರಿದರೆ ಹೀಗೆ ಕಟ್ಟತಕ್ಕದ್ದೆಂದು ತೋರಿಸಿದ್ದರು. ಓದು ಬಾರದ ಸಿಪಾಯಿಯೂ ಬಟ್ಟೆಯನ್ನು ಬಿಡಿಸಿ ನೋಡಿ ಸಂಗಡಿಗನ ಗಾಯವನ್ನು ಕಟ್ಟಬಹುದಾಗಿತ್ತು. ಪಾಠವೂ ಅದೇ ಬಟ್ಟೆ, ಉಪಚಾರವೂ ಅದೇ ಬಟ್ಟೆ. ಇದಕ್ಕಿಂತ ಜಾಣತನದ ಬಟ್ಟೆಯನ್ನು ನಾನು ಕೇಳಿಲ್ಲ.

ನಮ್ಮ ಕಾಲದಲ್ಲಿ ಅಮೆರಿಕ ದೇಶದವರು ಇನ್ನೊಂದು ಬಗೆಯನ್ನು ಹುಡುಕಿದರು. ಸೂಕ್ಷ್ಮದರ್ಶಕದಲ್ಲಿ ಕಾಣುವ ರೋಗಾಣುಗಳ ರೂಪಗಳನ್ನು ನೆಕ್‌ಟೈಗಳ ಮೇಲೂ ಹೆಂಗಸರ ಕೊರಳವಸ್ತ್ರಗಳ ಮೇಲೂ ಅಚ್ಚೊತ್ತಿ, ಆಯಾ ರೋಗದ ವಿವರವನ್ನು ಬರೆದ ಚೀಟಿಯೊಡನೆ ಮಾರತೊಡಗಿದರು. 1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕೋಖ್ ಅವರು ಲೋಕಕ್ಕೆ ತಿಳಿಸಿದ ಕ್ಷಯದ ಅಣುಜೀವಿಯು ಬಣ್ಣ ಹಾಕಿ ನೋಡಿದಾಗ ನೀಲಿ ನೆಲದ ಮೇಲೆ ಚೆಲ್ಲಿದ ಕೆಂಪು ಕಡ್ಡಿಗಳಂತೆ ಕಾಣುವುದು. ಕಾಲರಾದ ಅಣುವು ಬಾಗಿದ ಅಲ್ಪವಿರಾಮದಂತೆ. ಕೀವು ಹುಟ್ಟಿಸುವ ಒಂದು ಜಾತಿಯದು ದ್ರಾಕ್ಷಿಯ ಗೊಂಚಲಿನಂತೆ. ಅರಿಯದವರು ಇಂತಹ ಬಟ್ಟೆಯನ್ನು ನೋಡಿ, ಇದಾವ ಹೂವಿನ ನಮೂನೆಯೆಂದು ಕೇಳುವರು. ಆ ಪ್ರಶ್ನೆಯನ್ನು ಹುಟ್ಟಿಸುವುದೇ ಬಟ್ಟೆಯ ಕೆಲಸ. ಕ್ಷಯವು ಕೆಮ್ಮಿನ ಗಾಳಿಯಿಂದ ಹರಡುವುದೆಂದೂ, ಸಾಮಾನ್ಯವಾದ ಕ್ಷಯವು ಆರು ತಿಂಗಳು ಬಿಡದೆ ಔಷಧವನ್ನು ಸೇವಿಸಿದರೆ ಗುಣವಾಗುವುದೆಂದೂ ಅಲ್ಲಿಯೇ ಹೇಳಬಹುದು.

ಆದರೆ ನೆಕ್‌ಟೈ ಕಟ್ಟುವವನ ಸುತ್ತ ಇರುವವರು ಸಾಮಾನ್ಯವಾಗಿ ನೆಕ್‌ಟೈ ಕಟ್ಟುವವರೇ. ಗಣಿಯಲ್ಲಿ ಕೆಮ್ಮುವವನಿಗೂ ಬೀಡಿ ಕಟ್ಟುವವಳಿಗೂ ಆ ರೇಷ್ಮೆಯು ಎದುರಾಗುವುದೆಂದು? ವಿನೋದದ ಮಾತೊಂದುಂಟು. 2004ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ವೈದ್ಯವೃತ್ತಿಯವರ 42 ನೆಕ್‌ಟೈಗಳನ್ನು ಪರೀಕ್ಷಿಸಲಾಗಿ, 20ರಲ್ಲಿ ರೋಗಕಾರಕ ಜೀವಿಗಳು ನಿಜವಾಗಿಯೇ ಇದ್ದವು! ಅಚ್ಚಿನ ರೋಗಾಣುವಿನ ಪಕ್ಕದಲ್ಲಿ ಜೀವಂತ ರೋಗಾಣು. 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯು ರೋಗಿಗಳನ್ನು ಮುಟ್ಟುವ ವೈದ್ಯರು ನೆಕ್‌ಟೈಯನ್ನೂ ಉದ್ದ ತೋಳಿನ ಅಂಗಿಯನ್ನೂ ಬಿಡುವುದು ಲೇಸೆಂದು ಸೂಚಿಸಿತು.

ಇನ್ನು ಪಟ್ಟಿಗಳ ವಿಷಯ. 1991ರಲ್ಲಿ ನ್ಯೂಯಾರ್ಕಿನ ಕೆಲವು ಕಲಾವಿದರು ಏಡ್ಸ್ ರೋಗಿಗಳ ಸಲುವಾಗಿ ಕೆಂಪು ಪಟ್ಟಿಯ ಒಂದು ತುಂಡನ್ನು ಮಡಿಸಿ ಎದೆಗೆ ಸಿಕ್ಕಿಸಿಕೊಂಡರು. ರೋಗಿಯ ಹೆಸರನ್ನೆತ್ತಲೂ ಜನರು ನಾಚುತ್ತಿದ್ದ ಕಾಲದಲ್ಲಿ ಅದು ಮಾತಿಲ್ಲದೆ ಸಾಂತ್ವನ ಹೇಳಿತು. ಆ ಚಿಹ್ನೆಯು ನಮ್ಮ ದೇಶದಲ್ಲಿಯೂ ನೆಲೆಗೊಂಡು, 2007ರಲ್ಲಿ ಅದರ ಹೆಸರಿನ ಒಂದು ರೈಲೇ ಊರೂರು ಸುತ್ತಿ ತಿಳಿವಳಿಕೆಯನ್ನು ಹಂಚಿತು.

ಇದರ ಬೆನ್ನಿಗೇ ನಡೆದ ಇನ್ನೊಂದು ಸಂಗತಿಯನ್ನು ತಾವು ಗಮನವಿಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ಕ್ಯಾಲಿಫೋರ್ನಿಯದಲ್ಲಿ ಷಾರ್ಲಟ್ ಹೇಲಿ ಎಂಬ ವೃದ್ಧೆಯಿದ್ದರು. ಅವರ ಅಜ್ಜಿ, ಸೋದರಿ, ಮಗಳು ಮೂವರಿಗೂ ಸ್ತನದ ಅರ್ಬುದರೋಗವು ತಗಲಿತ್ತು. ಈ ತಾಯಿ ಮನೆಯ ಊಟದ ಮೇಜಿನ ಮೇಲೆ ತಾವೇ ಪೀಚ್ ಹಣ್ಣಿನ ಬಣ್ಣದ ಪಟ್ಟಿಗಳನ್ನು ಕತ್ತರಿಸಿ, ಐದೈದರಂತೆ ಒಂದು ಚೀಟಿಯೊಡನೆ ಹಂಚುತ್ತಿದ್ದರು. ಸರಕಾರದ ಅರ್ಬುದ ಸಂಸ್ಥೆಯ ವಾರ್ಷಿಕ ವೆಚ್ಚವು 180 ಕೋಟಿ ಡಾಲರು, ಅದರಲ್ಲಿ ರೋಗವು ಬಾರದಂತೆ ತಡೆಯುವುದಕ್ಕೆ ಸಲ್ಲುವುದು ನೂರಕ್ಕೆ 5 ಮಾತ್ರ. ಶಾಸನಕರ್ತರನ್ನು ಎಚ್ಚರಿಸಿರಿ ಎಂಬುದು ಆ ಚೀಟಿಯ ತಾತ್ಪರ್ಯ. 1992ರಲ್ಲಿ ಒಂದು ಸ್ತ್ರೀಪತ್ರಿಕೆಯವರು ಆಕೆಯ ಪಟ್ಟಿಯನ್ನು ತಮ್ಮ ಸಂಚಿಕೆಗೆ ಕೇಳಿದರು. ಇದು ವ್ಯಾಪಾರವಾಗುವುದೆಂದು ಆಕೆ ಒಪ್ಪಲಿಲ್ಲ. ಅವರು ನ್ಯಾಯವಾದಿಗಳನ್ನು ವಿಚಾರಿಸಿ, ಬಣ್ಣವನ್ನು ಗುಲಾಬಿಗೆ ತಿರುಗಿಸಿ, ಒಂದು ಪ್ರಸಾಧನ ಸಂಸ್ಥೆಯ ಅಂಗಡಿಗಳಿಂದ ಲಕ್ಷಾವಧಿ ಪಟ್ಟಿಗಳನ್ನು ಹಂಚಿಸಿದರು.

ಗುಲಾಬಿ ಪಟ್ಟಿಯಿಂದ ಹಿತವಾಗಲೇ ಇಲ್ಲವೆಂದು ನಾನು ಹೇಳಲಾರೆ. ಬಾಯಿಬಿಟ್ಟು ಹೇಳಲು ಹೆಂಗಸರು ಅಂಜುತ್ತಿದ್ದ ರೋಗವನ್ನು ಅದು ಬೆಳಕಿಗೆ ತಂದಿತು. ಭಾರತದ ಸ್ತ್ರೀಯರನ್ನು ಕಾಡುವ ಅರ್ಬುದಗಳಲ್ಲಿ ಈಗ ಮೊದಲನೆಯದು ಇದೇ. ಗಂಟು ಕೈಗೆ ತಗಲಿದರೂ ಸಂಕೋಚದಿಂದ ತಿಂಗಳುಗಟ್ಟಲೆ ಮರೆಸಿಟ್ಟು, ತಡವಾದ ಮೇಲೆ ದವಾಖಾನೆಗೆ ಬರುವ ತಾಯಂದಿರು ಎಷ್ಟೋ ಮಂದಿ. ಆ ಸಂಕೋಚವನ್ನು ಒಂದು ಪಟ್ಟಿಯು ಕಳೆದರೆ ಅದು ಪುಣ್ಯಕಾರ್ಯವೇ. ಆದರೆ ಬಣ್ಣವು ಬದಲಾದಾಗ ಹೇಲಿಯವರ ಚೀಟಿಯು ಕಳೆದುಹೋಯಿತು. ಹಣವೆಲ್ಲಿಗೆ ಹೋಗುತ್ತದೆ, ರೋಗವನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆಗಳು ಹೋಗಿ, ಗುಲಾಬಿ ಬಣ್ಣದ ಸರಕುಗಳು ಅಂಗಡಿಯಲ್ಲಿ ಉಳಿದವು. ಕೊಳ್ಳುವ ಮುನ್ನ ವಿಚಾರಿಸಿರೆಂದು 2002ರಲ್ಲಿ ಆ ದೇಶದ ಸ್ತ್ರೀಯರೇ ಚಳವಳಿಯನ್ನು ಹೂಡಬೇಕಾಯಿತು.

ಹಾಗಾದರೆ ಚೀಟಿಯು ಕಳೆಯದಂತಹ, ತಿಳಿವಳಿಕೆಯು ತೊಡಿಗೆಯಲ್ಲಿಯೇ ಹೆಣೆದುಕೊಂಡಿರುವಂತಹ ಪ್ರಯತ್ನವುಂಟೇ? ಉಂಟು. ಆಫ್ಘಾನಿಸ್ತಾನದ ತಾಯಂದಿರು ಕೂಸಿಗೆ ದೃಷ್ಟಿ ತಾಗದಿರಲೆಂದು ಕೈಗೆ ಮಣಿಗಳನ್ನು ಕಟ್ಟುವರು. 2016ರ ಸುಮಾರಿನಲ್ಲಿ ಅಲ್ಲಿನ ಆಗಿನ ಸರಕಾರದ ಆರೋಗ್ಯ ಇಲಾಖೆಯವರು, ಭಾರತದ ಜಾಹೀರಾತುಗಾರರ ಸಹಾಯದಿಂದ, ಆ ಕೈಮಣಿಯನ್ನೇ ಲಸಿಕೆಯ ಲೆಕ್ಕವನ್ನಾಗಿ ಮಾರ್ಪಡಿಸಿದರು. ಒಂದೊಂದು ಲಸಿಕೆಗೆ ಒಂದೊಂದು ಬಣ್ಣ. ಸೂಜಿ ಹಾಕಿದ ಮೇಲೆ ಆ ಬಣ್ಣದ ಮಣಿಯನ್ನು ಪೋಣಿಸುವರು. ಕಾಗದವು ಕಳೆದರೂ ಮಗುವಿನ ಕೈಯನ್ನು ನೋಡಿ ಯಾವುದು ಆಗಿದೆ, ಯಾವುದು ಬಾಕಿಯಿದೆಯೆಂದು ದಾದಿಯು ತಿಳಿಯಬಹುದು. ಇವರು ತಾಯಿಯ ನಂಬಿಕೆಯನ್ನು ಹಳಿಯಲಿಲ್ಲ. ಮಗುವನ್ನು ಕಾಯಬೇಕೆಂಬ ಆಕೆಯ ಹಂಬಲಕ್ಕೆ ನಿಜವಾದ ಕಾವಲನ್ನು ಜೋಡಿಸಿದರು.

ರಾಜಸ್ಥಾನದ ಉದಯಪುರದ ಕಡೆಯ ಹಳ್ಳಿಗಳಲ್ಲಿ ನಡೆದ ಕಾರ್ಯವೂ ಇದೇ ಜಾತಿಯದು. 2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ತರಗತಿಯೊಂದರಲ್ಲಿ ಹುಟ್ಟಿದ ‘ಖುಷಿ ಬೇಬಿ’ ಎಂಬ ಯೋಜನೆಯಲ್ಲಿ, ಅಲ್ಲಿನ ಮಕ್ಕಳು ಧರಿಸುವ ಕರಿದಾರಕ್ಕೆ ಒಂದು ಸಣ್ಣ ಪದಕವನ್ನು ಪೋಣಿಸಿದರು. ಪದಕದೊಳಗೆ ಬ್ಯಾಟರಿಯ ಅಗತ್ಯವಿಲ್ಲದ ಒಂದು ಚಿಪ್ಪು. ದಾದಿಯು ಮೊಬೈಲನ್ನು ತಾಗಿಸಿದರೆ ಕೂಸಿನ ಲಸಿಕೆಗಳ ದಾಖಲೆಯು ತೆರೆಯುವುದು.

ಜಾಣ್ಮೆಯು ಮಿತಿಮೀರಿದ ಉದಾಹರಣೆಯನ್ನೂ ಹೇಳಬೇಕು. 2015ರಲ್ಲಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅಯೋಡಿನ್ ಲೇಪಿಸಿದ ಹಣೆಯ ಬೊಟ್ಟುಗಳನ್ನು ಹಂಚಿದರು. ಅಯೋಡಿನ್ನಿನ ಕೊರತೆಯಿಂದ ಗಳಗಂಡವೂ, ಹುಟ್ಟುವ ಮಕ್ಕಳಲ್ಲಿ ಬುದ್ಧಿಮಾಂದ್ಯವೂ ಬರುವುದೆಂಬುದು ಸತ್ಯ. ಆದರೆ ದಿನಕ್ಕೆ ಬೇಕಾದ 150 ಮೈಕ್ರೋಗ್ರಾಮು, ಗರ್ಭಿಣಿಗೆ 250, ಇಷ್ಟನ್ನು ಹಣೆಯ ಚರ್ಮದ ಮೂಲಕ ಪೂರೈಸುವೆವೆಂದರೆ ನನಗೆ ನಂಬಿಕೆ ಸಾಲದು. 1956ರಿಂದ ಡಾ. ರಾಮಲಿಂಗಸ್ವಾಮಿಗಳೂ ಅವರ ಸಂಗಡಿಗರೂ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರಸಿ ಕೊಟ್ಟು, ಗಳಗಂಡವು ಇಳಿಯುವುದನ್ನು ವರ್ಷಾನುಗಟ್ಟಲೆ ಲೆಕ್ಕವಿಟ್ಟು ತೋರಿಸಿದರು. ಆ ಉಪ್ಪು ಇಂದು ಪ್ರತಿ ಅಂಗಡಿಯಲ್ಲಿ ದೊರೆಯುತ್ತದೆ. ಬೊಟ್ಟು ಉಪ್ಪನ್ನು ನೆನಪಿಸಲಿ. ಉಪ್ಪಿನ ಸ್ಥಾನಕ್ಕೆ ಬರುವುದು ಬೇಡ.

ಸಿಡುಬನ್ನು ಲೋಕದಿಂದ ಅಟ್ಟಿದವರು ಧರಿಸಿದ ಪದಕವೊಂದು ನನಗೆ ಬಹಳ ಮೆಚ್ಚಿಗೆ. ದೇವಿ ಹಾಕಲು ಬಳಸುತ್ತಿದ್ದ ಕವಲುಮೊನೆಯ ಸೂಜಿಯನ್ನೇ ಬಾಗಿಸಿ ಸೊನ್ನೆಯ ಆಕಾರಕ್ಕೆ ತಂದು, ಆ ಕಾರ್ಯದಲ್ಲಿ ದುಡಿದವರಿಗೆ ಎದೆಯ ಮೇಲೆ ಧರಿಸಲು ಕೊಟ್ಟರು. ಸೊನ್ನೆಯೆಂದರೆ ರೋಗಿಗಳ ಸಂಖ್ಯೆ. ಭಾರತದಲ್ಲಿ 1975ರ ಮೇ ತಿಂಗಳಲ್ಲಿ ಕೊನೆಯ ರೋಗಿಯು ಕಂಡುಬಂದು, 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು.

ಈಗ ನಮ್ಮ ಮನೆಗಳ ಮಾತು. ಕನ್ನಡನಾಡಿನ ಕೂಸಿಗೂ ಕರಿಬಳೆಯುಂಟು, ಉಡಿದಾರವುಂಟು. ನಮ್ಮ ದೇಶದ ಕ್ರಮದಂತೆ ಮಗುವಿಗೆ ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳು ತುಂಬಿದಾಗ, ತರುವಾಯ 16 ತಿಂಗಳಿನ ಮೇಲೆ, ಹೀಗೆ ಎರಡು ವರ್ಷದೊಳಗೆ ಆರು ಮುಖ್ಯ ಸಲ ಲಸಿಕೆಯಾಗಬೇಕು. ಉಡಿದಾರದ ಕೊನೆಯಲ್ಲಿ ಆರು ಗಂಟುಗಳಿಗೆ ಸ್ಥಳವನ್ನು ಬಿಡುವುದು ದೊಡ್ಡ ಕೆಲಸವಲ್ಲ. ಮಣಿ ಬೇಡ, ಕೂಸು ಬಾಯಿಗೆ ಹಾಕಿಕೊಂಡೀತು. ಕೊರಳ ದಾರವೂ ಬೇಡ, ನಿದ್ದೆಯಲ್ಲಿ ಬಿಗಿದೀತು. ನಡುವಿನ ದಾರ, ದಾರದಲ್ಲಿ ಗಂಟು ಸಾಕು. ದಾರವು ಸವೆಯುವ ವಸ್ತುವಾದುದರಿಂದ ದವಾಖಾನೆಯ ಕಾರ್ಡನ್ನು ಜೋಪಾನ ಮಾಡುವುದಂತೂ ಬಿಡತಕ್ಕದ್ದಲ್ಲ. ಜಾತ್ರೆಯ ದಿವಸ ಇಂತಹ ದಾರಗಳನ್ನು ಹಂಚುವ ಉತ್ಸಾಹ ತರುಣರಿಗಿದ್ದರೆ, ಅವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ತಮ್ಮ ಊರಿಗೆ ಲಸಿಕೆಯ ದಿನ ಯಾವುದೆಂದು ಬರೆದುಕೊಂಡು ಬರಲಿ. ಆ ದಿನವನ್ನು ಹೇಳಿಯೇ ದಾರವನ್ನು ಕೊಡಲಿ. ಗಂಟನ್ನು ಮಾತ್ರ ಮನೆಯಲ್ಲಿ ಅಜ್ಜಿಯಾಗಲಿ ಅತ್ತೆಯಾಗಲಿ ಮುಂದಾಗಿ ಹಾಕಿಬಿಡಬಾರದು. ಸೂಜಿ ಹಾಕಿದ ದಾದಿಯೇ, ಸೂಜಿ ಹಾಕಿದ ಮೇಲೆ, ತನ್ನ ಕೈಯಿಂದ ಹಾಕಬೇಕು.