ಹೆಸರಿಟ್ಟರೆ ಸಾಲದು, ವಿಚಾರಿಸಬೇಕು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಅಕ್ಷರರೂಪ)



ಒಂಬತ್ತನೇ ತರಗತಿಯಲ್ಲಿ ಸಮಾಜದ ಮೇಷ್ಟ್ರು ಗೋಡೆಗೆ ಆಫ್ರಿಕದ ಭೂಪಟ ನೇತುಹಾಕಿ ರಾಜಧಾನಿಗಳನ್ನು ಕೇಳುತ್ತಿದ್ದರು. ಸಿಯೆರಾ ಲಿಯೋನ್‌ಗೆ ಫ್ರೀಟೌನ್ ಎಂದು ನಾನು ಬಾಯಿಪಾಠ ಮಾಡಿದ್ದೆ. ಒಂದು ಅಂಕ ಬಂತು, ಊರು ಮರೆತುಹೋಯಿತು.

ಮುಂದೆ ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ಹಲ್ ಎಂಬ ಬಂದರು ನಗರಕ್ಕೆ ಹೋದೆ. ಅಲ್ಲಿ ‘ಫ್ರೀಟೌನ್ ವೇ’ ಎಂಬ ದೊಡ್ಡ ರಸ್ತೆ ಇದೆ. ನಾಲ್ಕು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ಆ ಹೆಸರು ಯಾಕೆ ಬಂತೆಂದು ನಾನು ಯೋಚಿಸಲಿಲ್ಲ. ಒಂದು ದಿನ ಜೊತೆಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ನಗುತ್ತಲೇ ಹೇಳಿದರು: “ನಮ್ಮೂರ ಹೆಸರಿನ ರಸ್ತೆಯಲ್ಲೇ ದಿನಾ ಬರ್ತೀಯ. ನಮ್ಮೂರು ಹೇಗಿದೆ ಅಂತ ಒಂದು ದಿನವೂ ಕೇಳಲಿಲ್ಲ.” ಅವರು ಫ್ರೀಟೌನಿನವರು. ನನಗೆ ನಾಚಿಕೆಯಾಯಿತು.

ಅವಳಿ ನಗರ ಎಂದರೆ ನಮಗೆ ಹುಬ್ಬಳ್ಳಿ-ಧಾರವಾಡ. ಆದರೆ ಸಾವಿರಾರು ಮೈಲಿ ದೂರದ ಎರಡು ಊರುಗಳೂ ಒಪ್ಪಂದ ಮಾಡಿಕೊಂಡು ಸೋದರಿ ನಗರಗಳಾಗಬಹುದು. ನಾಲ್ಕು ದಶಕಗಳ ಹಿಂದೆಯೇ ಹಲ್ ಮತ್ತು ಫ್ರೀಟೌನ್ ಹೀಗೆ ನಂಟು ಬೆಳೆಸಿದವು. ಅದಕ್ಕೆ ಕಾರಣವಿದೆ. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ 1759ರಲ್ಲಿ ಹುಟ್ಟಿದ್ದು ಹಲ್‌ನಲ್ಲಿ. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸಿತು. ಅದಕ್ಕೂ ಮೊದಲೇ, 1792ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಸುಮಾರು 1,200 ಜನ ಕೆನಡಾದ ನೋವಾ ಸ್ಕೋಷಿಯಾದಿಂದ ಹಡಗು ಹತ್ತಿ ಬಂದು ಕಟ್ಟಿದ ಊರು ಫ್ರೀಟೌನ್. ಹೆಸರಿನಲ್ಲೇ ಬಿಡುಗಡೆ ಇದೆ. ಆದ್ದರಿಂದ ಇದು ಒಬ್ಬರು ಕೊಟ್ಟು ಇನ್ನೊಬ್ಬರು ಕೈಯೊಡ್ಡಿದ ಕಥೆಯಲ್ಲ. ಸಮುದ್ರ ದಾಟಿ ಊರು ಕಟ್ಟಿದವರು ಅವರೇ. 1827ರಲ್ಲೇ ಅಲ್ಲಿ ಫೌರಾ ಬೇ ಕಾಲೇಜು ಶುರುವಾಯಿತು. ನಮ್ಮ ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳಿಗಿಂತ 30 ವರ್ಷ ಮೊದಲು!

ಆ ಊರಿನ ನಡುವೆ ನಮ್ಮ ಬೂರುಗದ ಬಳಗಕ್ಕೆ ಸೇರಿದ ಭಾರಿ ಹತ್ತಿಮರವೊಂದಿತ್ತು. ಮೊದಲು ಬಂದಿಳಿದವರು ಅದರಡಿಯಲ್ಲೇ ಸೇರಿ ಪ್ರಾರ್ಥಿಸಿದರೆಂದು ಜನ ಹೇಳುತ್ತಾರೆ. 2023ರ ಮೇ ತಿಂಗಳ ಮಳೆಗಾಳಿಗೆ ಅದು ಉರುಳಿತು. ಆ ದಿನ ಅಕ್ಕ ಅತ್ತರು. ನಮ್ಮೂರ ಅರಳಿಕಟ್ಟೆಯನ್ನು ನೆನೆದು ನಾನೂ ಅತ್ತೆ. ಎರಡು ನಗರಗಳ ಒಪ್ಪಂದ ನನಗೆ ಅರ್ಥವಾದದ್ದು ಅಂದು.

ಬೆಂಗಳೂರಿನಲ್ಲೂ ಮಿನ್ಸ್ಕ್ ಚೌಕವಿದೆ. ಬೆಲಾರೂಸ್ ದೇಶದ ರಾಜಧಾನಿ ಮಿನ್ಸ್ಕ್ ನಮ್ಮ ಬೆಂಗಳೂರಿನ ಸೋದರಿ ನಗರ. ಅಲ್ಲಿ ಹಾದುಹೋಗುವ ನಮ್ಮಲ್ಲಿ ಎಷ್ಟು ಜನ ಅದನ್ನು ನೆನೆಯುತ್ತೇವೆ? ಫಲಕ ಹಾಕುವುದು ಒಂದು ದಿನದ ಕೆಲಸ. ನಂಟು ಉಳಿಸಿಕೊಳ್ಳುವುದು ದಿನದಿನದ ಕೆಲಸ.

ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಹೊಸ ಕೊಠಡಿಗೆ ಹಣ ಕಳಿಸಿದವರ ಫಲಕದಲ್ಲಿ ನನ್ನ ಹೆಸರೂ ಇದೆ. ಆದರೆ ಶಾಲೆ ಬಿಟ್ಟ ಮೇಲೆ “ಮಕ್ಕಳೇ, ಹೇಗಿದ್ದೀರಿ, ಏನು ಓದುತ್ತಿದ್ದೀರಿ?” ಎಂದು ನಾನು ಕೇಳಿದ್ದಿಲ್ಲ. ಇಂದು ಊಟವಾದ ಮೇಲೆ ಒಂಬತ್ತನೇ ತರಗತಿಯಲ್ಲಿ ಕೂತಿರುತ್ತೇನೆ. ಮಕ್ಕಳೇ, ಬನ್ನಿ. ನಾನು ಹೇಳುವುದಕ್ಕಿಂತ ನಿಮ್ಮಿಂದ ಕೇಳುವುದು ಹೆಚ್ಚಿದೆ. ಹಳೆಯ ವಿದ್ಯಾರ್ಥಿಗಳೂ ಜೊತೆಗೆ ಬಂದರೆ ಸಂತೋಷ.