ದೊಡ್ಡ ಕಾಲೇಜಿನ ಫೀಜು ಮತ್ತು ನಮ್ಮ ಹೊಲ



ಮಗನಿಗೋ ಮಗಳಿಗೋ ಐ.ಐ.ಟಿ.ಯಲ್ಲಿ ಸೀಟು ಸಿಕ್ಕಿತು ಅಂದರೆ ಮನೆಯಲ್ಲಿ ಮೊದಲು ಸಂತೋಷ, ಹಿಂದೆಯೇ ಚಿಂತೆ. "ಕೆರೆ ಕೆಳಗಿನ ಗದ್ದೆ ಮಾರೋಣವೇ?" ಎಂಬ ಮಾತು ಬಂದೇ ಬರುತ್ತದೆ. ಸ್ವಲ್ಪ ತಡೆಯಿರಿ. ಗದ್ದೆ ಮಾರುವ ಮುಂಚೆ ಲೆಕ್ಕ ನೋಡೋಣ.

2016ರಲ್ಲಿ ಐ.ಐ.ಟಿ.ಗಳ ಬೋಧನಾ ಶುಲ್ಕ ವರ್ಷಕ್ಕೆ 90 ಸಾವಿರದಿಂದ 2 ಲಕ್ಷ ರೂಪಾಯಿಗೆ ಏರಿತು. ಆಗಲೇ ಬಡವರಿಗೆ ಒಂದು ದಾರಿಯನ್ನೂ ಇಟ್ಟರು. ಕುಟುಂಬದ ವರ್ಷದ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ. 1 ಲಕ್ಷದಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಅಂದರೆ 2 ಲಕ್ಷಕ್ಕೆ ನೀವು ಕಟ್ಟುವುದು ಸುಮಾರು 66,700 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಈ ಶುಲ್ಕವಿಲ್ಲ. ಧಾರವಾಡದ ಐ.ಐ.ಟಿ.ಗೂ ಇದೇ ನಿಯಮ. ಸುರತ್ಕಲ್ಲಿನ ಎನ್.ಐ.ಟಿ.ಯಲ್ಲೂ ಮಾಫಿಯ ಪಾಲು ಹೀಗೆಯೇ. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ.

ಆದರೆ ಕಾಲೇಜಿನವರು ನಿಮ್ಮ ಮನೆಗೆ ಬಂದು ಅಟ್ಟ, ಕಣಜ ನೋಡುವುದಿಲ್ಲ. ಅವರು ನೋಡುವುದು ಆದಾಯ ಪ್ರಮಾಣಪತ್ರ. ಅದನ್ನು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲವಲ್ಲ, ಅದನ್ನು ಯಾಕೆ ಹೇಳಬೇಕು ಅನ್ನುವವರುಂಟು. ಹಾಗಲ್ಲ. ತೆರಿಗೆ ಬೇರೆ, ಈ ಲೆಕ್ಕ ಬೇರೆ. ಅಡಿಕೆ, ರೇಷ್ಮೆ, ಡೇರಿಯ ಹಾಲಿನ ದುಡ್ಡು, ಮನೆಯೊಡತಿಗೆ ಸಂಬಳವಿದ್ದರೆ ಅದು, ಎಲ್ಲವೂ ಸೇರುತ್ತದೆ. ಸೊಸೈಟಿಯಿಂದ ತಂದ ಸಾಲ ಮಾತ್ರ ಆದಾಯವಲ್ಲ. ಕಡಿಮೆ ಬರೆಸಿ ಗೆಲ್ಲೋಣ ಅನ್ನಬೇಡಿ. ಮುಂದೆ ಬಯಲಾದರೆ ಮಗುವಿನ ಸೀಟಿಗೇ ಕುತ್ತು.

ಆದಾಯ 5 ಲಕ್ಷದ ಗೆರೆ ಹತ್ತು ಸಾವಿರದಷ್ಟು ದಾಟಿದರೂ ಪೂರ್ತಿ ಶುಲ್ಕ ಬೀಳುತ್ತದೆ. ಒಂದು ವರ್ಷ ಧಾರಣೆ ಏರಿ, ಮರುವರ್ಷ ಬೆಳೆ ಒಣಗುವ ನಮ್ಮ ಬಾಳಿಗೆ ಇದು ಸರಿಹೊಂದುವ ಅಳತೆಯಲ್ಲ ಎಂದೇ ನನ್ನ ಅಭಿಪ್ರಾಯ. ಬೆಳೆ ಕೈಕೊಟ್ಟ ವರ್ಷ ಹೊಸ ಪ್ರಮಾಣಪತ್ರ ತೆಗೆಸಿ ಕಾಲೇಜಿನ ಕಚೇರಿಯಲ್ಲಿ ಕೇಳಿ ನೋಡಿ.

ಇನ್ನೊಂದು ಮಾತು. ಮಾಫಿ ಆಗುವುದು ಬೋಧನಾ ಶುಲ್ಕ ಮಾತ್ರ. ಹಾಸ್ಟೆಲು, ಊಟ, ಪುಸ್ತಕ, ರೈಲು ಚಾರ್ಜು ನಿಮ್ಮ ಮೇಲೆಯೇ. ಅದಕ್ಕೆ ಸಾಲ ಬೇಕಾದರೆ 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಇದೆ. ಇಂಥ ಹೆಸರಾದ ಸಂಸ್ಥೆಗಳಲ್ಲಿ ಸೇರಿದವರಿಗೆ ಅದರಲ್ಲಿ ಜಾಮೀನುದಾರರೂ ಬೇಡ, ಆಸ್ತಿಯ ಅಡವೂ ಬೇಡ. ಬ್ಯಾಂಕಿನವರು ಈ ಯೋಜನೆಯ ಸಾಲಕ್ಕೆ ಹೊಲದ ಪತ್ರ ತನ್ನಿ ಅಂದರೆ ಯೋಜನೆಯ ಹೆಸರು ಹೇಳಿ ಕೇಳಿ.

ಪ್ರವೇಶದ ಹೊತ್ತಿಗೆ ಓಡಾಡುವುದು ಬೇಡ. ಪರೀಕ್ಷೆಗೆ ಅರ್ಜಿ ಹಾಕುವಾಗಲೇ ನಾಡಕಚೇರಿಗೆ ಹೋಗಿ ಬನ್ನಿ. ಪತ್ರದಲ್ಲಿ ತಂದೆಯ ಹೆಸರು ಶಾಲೆಯ ದಾಖಲೆಯಲ್ಲಿ ಇದ್ದ ಹಾಗೆಯೇ ಇದೆಯೇ ಎಂದು ಅಲ್ಲೇ ಓದಿಸಿಕೊಳ್ಳಿ.