ಪರ್ಮಿಟ್ಟಿನ ತೂಕ, ಲಾರಿಯ ತೂಕ



ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡದಿಂದ ಕಬ್ಬಿಣದ ಅದಿರು ತುಂಬಿದ ಲಾರಿಯೊಂದು ಇಳಿಯುತ್ತಿದೆ ಅನ್ನಿ. ಪರ್ಮಿಟ್ಟಿನಲ್ಲಿ ಬರೆದ ತೂಕ ಒಂದು, ಲಾರಿಯಲ್ಲಿರುವುದು ಇನ್ನೊಂದು. ಕೆಲವೊಮ್ಮೆ ಪರ್ಮಿಟ್ಟೇ ಇಲ್ಲ. ಅತ್ತ ಗಣಿ ಗುತ್ತಿಗೆಯ ಗಡಿ ಸದ್ದಿಲ್ಲದೆ ಪಕ್ಕದ ಕಾಡಿಗೆ ಸರಿದಿರುತ್ತದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಹುಪಾಲು ನಡೆದದ್ದು ಹೀಗೆ, ಹಾಡಹಗಲೇ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಈ ಸುಳ್ಳು ತೂಕಕ್ಕೂ ಬೆಲೆ ಬಂತು. 2010ರಲ್ಲಿ ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಸುಮಾರು 5 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ಆ ಮಾಲಿನಲ್ಲೇ ದೊಡ್ಡ ಪಾಲು ಹಡಗು ಹತ್ತಿ ಹೋಯಿತು ಅಂದರೆ ಕಾವಲು ಹೇಗಿತ್ತೆಂದು ನೀವೇ ಊಹಿಸಿ!

2011ರ ಜುಲೈನಲ್ಲಿ ಈ ಅಕ್ರಮದ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಾಗದಗಳನ್ನು ಒಂದಕ್ಕೊಂದು ತಾಳೆ ಹಾಕಿ ಅದಿರಿನ ಜಾಡು ಹಿಡಿದಿತ್ತು. ಅದೇ ತಿಂಗಳು, ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಗುತ್ತಿಗೆಗಳನ್ನು ಅಳತೆ ಮಾಡಿಸಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗಡಿಯಾಚೆ ತೋಡಿದ್ದು ಗುತ್ತಿಗೆ ಪ್ರದೇಶದ ಶೇ. 10ನ್ನು ಮೀರಿದರೆ, ಇಲ್ಲವೆ ಮಣ್ಣು ಸುರಿದದ್ದು ಶೇ. 15ನ್ನು ಮೀರಿದರೆ ಅದು ಸಿ. ಆ ವರ್ಗದ ಗುತ್ತಿಗೆಗಳು 2013ರಲ್ಲಿ ರದ್ದಾದವು. ಉಳಿದವರಿಗೆ ಆಗ ಉತ್ಪಾದನೆಯ ಮಿತಿ, ಇ-ಹರಾಜು ಬಂದವು. ತೂಕದ ಕಳ್ಳಾಟಕ್ಕೆ ಇದರಿಂದ ಕಡಿವಾಣ ಬಿತ್ತು ಎಂದೇ ನನ್ನ ಅಭಿಪ್ರಾಯ.

ಆದರೆ ಮಳೆಗೆ ಕೋರ್ಟಿನ ಆದೇಶ ಗೊತ್ತಿಲ್ಲವಲ್ಲ! ಅದಿರು ತೆಗೆಯುವಾಗ ಬಂದ ಬೇಡದ ಮಣ್ಣನ್ನು ಇಳಿಜಾರಿನಲ್ಲಿ ಸುರಿದಿರುತ್ತಾರೆ. ಅದನ್ನೇ ಅಲ್ಲಿ ಡಂಪ್ ಅನ್ನುವುದು. ಬೇರಿನ ಹಿಡಿತವಿಲ್ಲದ ಆ ಸಡಿಲ ಮಣ್ಣು ಒಂದು ಜೋರು ಮಳೆಗೆ ಕೆಂಪು ರಾಡಿಯಾಗಿ ಹಳ್ಳಕ್ಕಿಳಿಯುತ್ತದೆ, ಹೊಲದ ಮೇಲೆ ಪದರ ಕಟ್ಟುತ್ತದೆ, ಕೆರೆಯಲ್ಲಿ ಹೂಳಾಗುತ್ತದೆ. ಅದಕ್ಕೇ ಗಣಿ ಮತ್ತೆ ತೆರೆಯಲು ಪುನಶ್ಚೇತನ ಯೋಜನೆ ಕಡ್ಡಾಯವಾಯಿತು: ಡಂಪಿನ ಬುಡಕ್ಕೆ ತಡೆಗೋಡೆ, ಇಳಿಜಾರಿಗೆ ಮೆಟ್ಟಿಲು, ಹಳ್ಳಕ್ಕೆ ಚೆಕ್ ಡ್ಯಾಂ, ಆಮೇಲೆ ಹುಲ್ಲು, ಗಿಡ. ಮೊದಲೇ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ, ಮಳೆಗೆ ಮಣ್ಣಿನ ಜೊತೆ ಸಸಿಯೂ ಹೋಗುತ್ತದೆ.

ಹಣದ ಕೊರತೆ ಈ ಪುನಶ್ಚೇತನಕ್ಕಿಲ್ಲ. ಅದಿರು ಮಾರಾಟದ ಪಾಲು ಸಾವಿರಾರು ಕೋಟಿ ರೂಪಾಯಿ ಜಮೆಯಾಗಿದೆ. ಖರ್ಚಿಗೆಂದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. ಸುಪ್ರೀಂ ಕೋರ್ಟ್ ಈ ಹಣ ಖರ್ಚು ಮಾಡುವ ಯೋಜನೆಗೆ ಒಪ್ಪಿಗೆ ಕೊಡುವ ಹೊತ್ತಿಗೆ ಮಾತ್ರ 2022 ಬಂದಿತ್ತು. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲ ಅದರಲ್ಲಿವೆ, ಬೇಕಾದವೇ. ಆದರೂ ಗಣಿಬಾಧಿತ ಊರಿನ ಗ್ರಾಮಸಭೆಯಲ್ಲಿ ಕೂತವರು ಮೊದಲು ಕೇಳಬೇಕಾದದ್ದು, ನಮ್ಮ ಹಳ್ಳದ ತಲೆಯ ಮೇಲಿನ ಡಂಪಿಗೆ ಈ ಮುಂಗಾರಿನೊಳಗೆ ಗೋಡೆ ಏಳುತ್ತದೆಯೇ, ಕಳೆದ ವರ್ಷದ ಹೂಳು ತೆಗೆಸಿದ್ದೀರಾ ಎಂದು.